ಐಸೊಟೋಪ್ ಲ್ಯಾಬ್ ಅಂದ್ರೆ ಬೀಕರ್ ತೊಳೆಯುವ ಕೆಲಸವಾ?

ಪ್ರಶ್ನೆ: ನಾನು ಧಾರವಾಡದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಮೊದಲ ವರ್ಷ ಓದುತ್ತಿದ್ದೇನೆ. ಕಲ್ಲುಗಳ ವಯಸ್ಸು ಕಂಡುಹಿಡಿಯುವ ಐಸೊಟೋಪ್ ಲ್ಯಾಬಿನಲ್ಲಿ ಸರ್ಕಾರಿ ವಿಜ್ಞಾನಿ ಆಗಬೇಕು ಅಂತ ಆಸೆ. ಆದರೆ ನಮ್ಮ ಸೀನಿಯರ್ ಒಬ್ಬರು ‘ಅಲ್ಲಿಗೆ ಹೋದ್ರೆ ಜೀವನಪೂರ್ತಿ ಬೀಕರ್ ತೊಳೀತಾ ಇರ್ಬೇಕು, ಮೇಲಿಂದ ಆಸಿಡ್ ಬೇರೆ’ ಅಂದರು. ಆಸಿಡ್ ಅಂದ ತಕ್ಷಣ ಅಮ್ಮ ಬೇಡವೇ ಬೇಡ ಅಂತಿದ್ದಾರೆ. ಅಲ್ಲಿ ದಿನಾ ನಿಜವಾಗಿ ಏನು ಕೆಲಸ ಇರುತ್ತೆ? ಪಿಎಚ್.ಡಿ. ಬೇಕೇ ಬೇಕಾ? ಹೆಣ್ಣುಮಕ್ಕಳಿಗೆ ಸರಿಹೋಗುತ್ತಾ?

ಉತ್ತರ: ನಿಮ್ಮ ಸೀನಿಯರ್ ಹೇಳಿದ್ದು ನಿಜ. ಬೀಕರ್ ತೊಳೆಯುವುದು ಈ ಕೆಲಸದ ದೊಡ್ಡ ಭಾಗ. ಅದು ಕೀಳು ಕೆಲಸ, ಓದಿದವರು ಮಾಡುವಂಥದ್ದಲ್ಲ ಅನ್ನೋ ಧ್ವನಿ ಅವರ ಮಾತಿನಲ್ಲಿ ಇದೆಯಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ನನ್ನ ವೃತ್ತಿಯ ಬಹುಪಾಲು ಇಂಥದೇ ಸರ್ಕಾರಿ ಲ್ಯಾಬಿನಲ್ಲಿ ಕಳೆದಿದೆ. ಯಾರ ಬೀಕರ್ ಎಷ್ಟು ಶುದ್ಧ ಅಂತ ನೋಡಿದರೆ ಅವರ ಅಂಕಿಯನ್ನು ಎಷ್ಟು ನಂಬಬಹುದು ಅಂತ ಹೇಳಬಹುದು.

ಯಾಕೆ ಅಂತ ಹೇಳ್ತೀನಿ. ಐಸೊಟೋಪ್ ಅಂದರೆ ಒಂದೇ ಮೂಲಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳು. ಅವುಗಳಲ್ಲಿ ಕೆಲವು ನಿಧಾನವಾಗಿ ಬೇರೆ ಧಾತುವಾಗುತ್ತವೆ, ಯುರೇನಿಯಂ ಸೀಸವಾಗುವ ಹಾಗೆ. ಎಷ್ಟು ಬದಲಾಗಿದೆ ಅಂತ ಅಳೆದರೆ ಕಲ್ಲಿನ ವಯಸ್ಸು ಸಿಗುತ್ತದೆ. ಕಲ್ಲಿನ ವಯಸ್ಸು ತೆಗೆಯಲು ನಾವು ತೆಗೆದುಕೊಳ್ಳುವ ಪುಡಿ ಸಾಮಾನ್ಯವಾಗಿ 50 ಮಿಲಿಗ್ರಾಂ ಆಸುಪಾಸು. ಯುರೇನಿಯಂ ಹಿಡಿದಿಟ್ಟುಕೊಳ್ಳುವ ಜಿರ್ಕಾನ್ ಅನ್ನುವ ಖನಿಜದ ಹರಳಾದರೆ ಇನ್ನೂ ಕಷ್ಟ, ಕೂದಲೆಳೆಯಷ್ಟು ದಪ್ಪದ ಒಂದೇ ಹರಳು. ಅದರೊಳಗಿನ ಸೀಸವನ್ನು ಪಿಕೋಗ್ರಾಂ ಲೆಕ್ಕದಲ್ಲಿ ಅಳೆಯುತ್ತೇವೆ. ಒಂದು ಗ್ರಾಮನ್ನು ಲಕ್ಷ ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ಪಿಕೋಗ್ರಾಂ. ಸೀಸ ಎಲ್ಲ ಕಡೆಯೂ ಇದೆ: ಹಳೆಯ ಪೇಂಟ್, ಬ್ಯಾಟರಿ, ಬೆಸುಗೆ, ರಸ್ತೆ ಬದಿಯ ಧೂಳು. ಕೆಲವು ಕಡೆಯ ಕುಂಕುಮ ಮತ್ತು ಸುರ್ಮಾದಲ್ಲೂ ಸೀಸ ಸಿಕ್ಕಿದೆ. ನಿಮ್ಮ ಬಟ್ಟೆಯಿಂದ ಒಂದು ಧೂಳಿನ ಕಣ ಬೀಕರಿಗೆ ಬಿದ್ದರೂ ಸಾಕು, 300 ಕೋಟಿ ವರ್ಷದ ಹಿಂದಿನ ಸೀಸದ ಜೊತೆ ನಿನ್ನೆಯ ಸೀಸ ಬೆರೆಯಿತು ಅಂತ ಲೆಕ್ಕ. ಹಾಗೆ ಬೆರೆತಿದ್ದು ಅಳೆಯುವ ಮೆಷಿನ್ನಿಗೆ ಗೊತ್ತಾಗುವುದಿಲ್ಲ. ಅದು ಕೊಡುವ ಅಂಕಿ ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ತಪ್ಪಾಗಿರುತ್ತದೆ.

ಇದನ್ನು ಮೊದಲು ಸರಿಯಾಗಿ ಅರ್ಥ ಮಾಡಿಕೊಂಡವರು ಅಮೆರಿಕದ ಕ್ಲೇರ್ ಪ್ಯಾಟರ್ಸನ್. ಉಲ್ಕಾಶಿಲೆಯ ಸೀಸ ಅಳೆದು ಭೂಮಿಯ ವಯಸ್ಸು 455 ಕೋಟಿ ವರ್ಷ ಅಂತ 1956ರಲ್ಲಿ ತೋರಿಸಿದವರು ಅವರೇ. ಅದಕ್ಕೂ ಮೊದಲು ವರ್ಷಗಟ್ಟಲೆ ಅವರು ಹೋರಾಡಿದ್ದು ಕಲ್ಲಿನ ಜೊತೆಗಲ್ಲ, ಲ್ಯಾಬಿನ ಕೊಳೆಯ ಜೊತೆಗೆ. ಎಲ್ಲಿಂದ ಬರ್ತಿದೆ ಇಷ್ಟು ಸೀಸ ಅಂತ ಹುಡುಕುತ್ತಾ ಹೋದವರಿಗೆ, ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಊರಿನ ಗಾಳಿಯಲ್ಲಿ, ಸಮುದ್ರದ ಮೇಲ್ಪದರದ ನೀರಿನಲ್ಲಿ, ಧ್ರುವದ ಹಿಮದಲ್ಲಿ ಕೂಡ ಸಿಕ್ಕಿತು. ಆ ಉದ್ಯಮದವರ ವಿರೋಧ ಕಟ್ಟಿಕೊಂಡು ಅವರು ಬಿಡದೆ ಹೇಳಿದರು. ಕೊನೆಗೆ ಲೋಕವೇ ಸೀಸದ ಪೆಟ್ರೋಲ್ ಬಿಟ್ಟಿತು, ನಮ್ಮ ದೇಶ 2000ದಲ್ಲಿ. ಬೀಕರ್ ತೊಳೆಯುವುದನ್ನು ಅವರು ಹಗುರವಾಗಿ ತೆಗೆದುಕೊಂಡಿದ್ದರೆ ಇದು ಯಾವುದೂ ಗೊತ್ತಾಗುತ್ತಿರಲಿಲ್ಲ.

ತೊಳೆಯುವುದು ಅಂದರೆ ಸೋಪು, ನಲ್ಲಿ ನೀರಲ್ಲ. ನಾವು ಬಳಸುವುದು ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕಿನ, ಬಿಗಿ ಮುಚ್ಚಳದ ಸಣ್ಣ ಬೀಕರುಗಳು. ಬೆಲೆ ಜಾಸ್ತಿ, ಎಸೆಯುವ ಮಾತೇ ಇಲ್ಲ. ಒಂದೊಂದನ್ನೂ ಒರೆಸಿ, ಬಿಸಿ ನೈಟ್ರಿಕ್ ಆಸಿಡ್ಡಿನಲ್ಲಿ ದಿನಗಟ್ಟಲೆ ನೆನೆಸಿ, ಆಮೇಲೆ ಹೈಡ್ರೋಕ್ಲೋರಿಕ್‌ನಲ್ಲಿ, ಆಮೇಲೆ ಅತಿ ಶುದ್ಧ ನೀರಿನಲ್ಲಿ, ಕಡೆಗೆ ಒಳಗೇ ಸ್ವಲ್ಪ ಶುದ್ಧ ಆಸಿಡ್ ಹಾಕಿ ಮುಚ್ಚಿ ಹಾಟ್ ಪ್ಲೇಟ್ ಮೇಲೆ ಇಡಬೇಕು. ಒಂದು ಸುತ್ತು ಮುಗಿಯಲು ವಾರ ಹಿಡಿಯುತ್ತದೆ. ಈ ಆಸಿಡ್‌ಗಳನ್ನೂ ಬಾಟಲಿಯಿಂದ ನೇರವಾಗಿ ಬಳಸುವುದಿಲ್ಲ. ಕುದಿಯದ ಹಾಗೆ ನಿಧಾನ ಕಾಯಿಸಿ, ಹನಿ ಹನಿಯಾಗಿ ಭಟ್ಟಿ ಇಳಿಸಿ ಇಟ್ಟುಕೊಳ್ಳಬೇಕು.

ಇಷ್ಟೆಲ್ಲ ಮಾಡಿದರೂ ಸ್ವಲ್ಪ ಕೊಳೆ ಉಳಿದೇ ಉಳಿಯುತ್ತದೆ. ಎಷ್ಟು ಉಳಿದಿದೆ ಅಂತ ತಿಳಿಯಲು ಪ್ರತಿ ಬ್ಯಾಚಿನ ಜೊತೆ ಒಂದು ಬೀಕರಿಗೆ ಕಲ್ಲು ಹಾಕದೆ, ಉಳಿದದ್ದೆಲ್ಲ ಹಾಗೇ ಮಾಡುತ್ತೇವೆ. ಅದಕ್ಕೆ ಬ್ಲ್ಯಾಂಕ್ ಅನ್ನುತ್ತಾರೆ. ಅಕ್ಕಿ ಮೂಟೆ ತೂಗಿ ಖಾಲಿ ಚೀಲದ ತೂಕ ಕಳೆಯುವ ಹಾಗೆ. ಬ್ಲ್ಯಾಂಕ್ ಜಾಸ್ತಿ ಬಂದರೆ ಆ ಬ್ಯಾಚ್ ಪೂರ್ತಿ ಹೋಯಿತು. ಎರಡು ಮೂರು ವಾರದ ಕೆಲಸ, ಆದರೂ ಬಿಡಬೇಕು. ಬಿಡುವ ಮನಸ್ಸು ಇಲ್ಲದವರಿಗೆ ಈ ಕೆಲಸ ಬೇಡ ಅಂತಲೇ ನಾನು ಹೇಳೋದು.

ಈಗ ಕಲ್ಲಿನ ದಾರಿ ನೋಡಿ. ಫೀಲ್ಡಿನಿಂದ ಕೆಲವು ಕಿಲೋ ಕಲ್ಲು ಬರುತ್ತದೆ. ಹವೆಗೆ ಕೊಳೆತ ಹೊರಪದರ ಒಡೆದು ತೆಗೆದು, ಕ್ರಷರಿಗೆ ಹಾಕಿ ಪುಡಿ ಮಾಡಬೇಕು. ಹಿಂದಿನ ಕಲ್ಲಿನ ಚೂರು ಒಳಗೆ ಉಳಿಯದ ಹಾಗೆ ನಡುವೆ ಕ್ವಾರ್ಟ್ಜ್ ಅರೆದು ಶುಚಿ ಮಾಡಬೇಕು. ಜಿರ್ಕಾನ್ ಬೇಕಿದ್ದರೆ ಜರಡಿ, ನೀರಿನ ಮೇಜು, ಅಯಸ್ಕಾಂತದ ಸೆಪರೇಟರ್, ಭಾರದ್ರವ (ಹಗುರ ಖನಿಜ ತೇಲಿ ಭಾರದ್ದು ಮುಳುಗುವ ದ್ರವ) ಎಲ್ಲ ದಾಟಿ, ಕಡೆಗೆ ಮೈಕ್ರೋಸ್ಕೋಪ್ ಕೆಳಗೆ ಹರಳುಗಳನ್ನು ಒಂದೊಂದಾಗಿ ಕೈಯಲ್ಲೇ ಆರಿಸಬೇಕು. ಪುಡಿಯಾದರೆ ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಸಿಡ್ಡಿನಲ್ಲಿ ಕರಗಿಸುತ್ತೇವೆ. ಆಮೇಲೆ ರೆಸಿನ್ ತುಂಬಿದ ಸಣ್ಣ ಕೊಳವೆಗಳಲ್ಲಿ ಹನಿಹನಿಯಾಗಿ ಇಳಿಸಿ ಬೇಕಾದ ಮೂಲಧಾತುವನ್ನು ಬೇರೆ ಮಾಡುತ್ತೇವೆ. ಇದನ್ನು ಯಾಕೆ ಮಾಡಬೇಕು ಅಂದರೆ, ರುಬಿಡಿಯಂ 87 ಕಾಲಕ್ರಮದಲ್ಲಿ ಸ್ಟ್ರಾನ್ಷಿಯಂ 87 ಆಗುತ್ತದೆ. ಎರಡರ ತೂಕವೂ ಹೆಚ್ಚುಕಮ್ಮಿ ಒಂದೇ, ಮೆಷಿನ್ ಎರಡನ್ನೂ ಒಂದೇ ಅಂತ ಎಣಿಸಿಬಿಡುತ್ತದೆ. ಮೊದಲೇ ಬೇರೆ ಮಾಡದಿದ್ದರೆ ಅಳತೆಗೆ ಅರ್ಥವೇ ಇಲ್ಲ. ಕೊಳವೆಯಲ್ಲಿ ಹನಿ ಇಳಿಯುವ ವೇಗಕ್ಕೆ ನಾವು ಹೊಂದಿಕೊಳ್ಳಬೇಕೇ ಹೊರತು ಅದು ನಮಗಲ್ಲ.

ಹೀಗೆ ಬೇರೆಯಾದ ಒಂದು ಹನಿ ಒಣಗಿ ರೀನಿಯಂ ಲೋಹದ ತಂತಿಯ ಮೇಲೆ ಕೂರುತ್ತದೆ. ತಂತಿ ಮಾಸ್ ಸ್ಪೆಕ್ಟ್ರೋಮೀಟರ್ ಒಳಗೆ, ನಿರ್ವಾತದಲ್ಲಿ ಬಿಸಿಯಾಗುತ್ತದೆ. ಅದರಿಂದ ಹೊರಬಂದ ಅಯಾನುಗಳು, ಅಂದರೆ ವಿದ್ಯುದಾವೇಶ ಪಡೆದ ಪರಮಾಣುಗಳು, ಅಯಸ್ಕಾಂತದಲ್ಲಿ ಬಾಗಿ ತೂಕಕ್ಕೆ ತಕ್ಕಂತೆ ಬೇರೆಯಾಗುತ್ತವೆ. ಸ್ಟ್ರಾನ್ಷಿಯಂ 87 ಮತ್ತು 86ರ ಅನುಪಾತವನ್ನು ದಶಾಂಶದ ಆರನೇ ಸ್ಥಾನದವರೆಗೆ ಬರೆಯುತ್ತೇವೆ. ಕಲ್ಲಿನ ಸ್ಯಾಂಪಲ್ ನಡುನಡುವೆ ಎಸ್.ಆರ್.ಎಂ. 987 ಅನ್ನುವ ಸ್ಟ್ಯಾಂಡರ್ಡ್ ಓಡಿಸುತ್ತೇವೆ. ಲೋಕದ ಯಾವ ಲ್ಯಾಬಿನಲ್ಲಿ ಅಳೆದರೂ ಅದರ ಅನುಪಾತ 0.71025 ಹತ್ತಿರ ಬರಬೇಕು. ನಾಲ್ಕನೇ ದಶಾಂಶದಲ್ಲೇ ಜಾರಿದರೆ ಎಲ್ಲ ನಿಲ್ಲಿಸಿ ಕಾರಣ ಹುಡುಕಬೇಕು. ಬೆಳಿಗ್ಗೆ ಬಂದ ಕೂಡಲೇ ನಾನು ಮೊದಲು ನೋಡುವುದು ರಾತ್ರಿ ಓಡಿದ ಸ್ಟ್ಯಾಂಡರ್ಡ್ ಅಂಕಿ, ಆಮೇಲೆ ನಿರ್ವಾತದ ಓದು. ಕಾಫಿ ಅದರ ನಂತರ.

ಈಗ ಲೇಸರ್ ಬಂದಿದೆಯಲ್ಲ, ಈ ಬೀಕರ್ ಕಾಟ ಯಾಕೆ ಅಂತ ಕೇಳಬಹುದು. ಜಿರ್ಕಾನ್ ಮೇಲೆ ಲೇಸರ್ ಹೊಡೆದು ಒಂದೆರಡು ನಿಮಿಷದಲ್ಲಿ ಒಂದು ಚುಕ್ಕೆಯ ವಯಸ್ಸು ತೆಗೆಯಬಹುದು, ನಿಜ. ನೂರಾರು ಹರಳು ನೋಡಬೇಕಾದಾಗ ಅದೇ ಸರಿ. ಆದರೆ ಅತಿ ನಿಖರ ವಯಸ್ಸು ಬೇಕಾದಾಗ, ಅಥವಾ ಶಿಲೆಯ ಮೂಲ ಎಲ್ಲಿಯದು ಅಂತ ಸ್ಟ್ರಾನ್ಷಿಯಂ, ನಿಯೋಡಿಮಿಯಂ ಕೇಳಿ ತಿಳಿಯಬೇಕಾದಾಗ ಮತ್ತೆ ಬೀಕರಿಗೇ ಬರಬೇಕು.

ನನಗೆ ಮುಖ್ಯ ಅನಿಸುವ ಮಾತು ಇನ್ನು ಮುಂದೆ ಇದೆ, ಸರ್ಕಾರಿ ಅನ್ನುವ ಪದದ ಬಗ್ಗೆ. ವಿಶ್ವವಿದ್ಯಾಲಯದಲ್ಲಿ ನಿಮ್ಮ ಪ್ರಶ್ನೆಗೆ ನೀವೇ ಸ್ಯಾಂಪಲ್ ತರುತ್ತೀರಿ. ಭೂವೈಜ್ಞಾನಿಕ ಸರ್ವೇ ಇಲಾಖೆಯ ಲ್ಯಾಬಿನಲ್ಲಿ ಹಾಗಲ್ಲ, ಸ್ಯಾಂಪಲ್ ಬೇರೆಯವರದು. ಎಲ್ಲೋ ಮ್ಯಾಪಿಂಗ್ ಮಾಡುತ್ತಿರುವ ಜಿಯಾಲಜಿಸ್ಟ್ ಕಲ್ಲು ಕಳಿಸುತ್ತಾರೆ, ನೀವು ಅಂಕಿ ಕೊಡುತ್ತೀರಿ, ಅದು ವರದಿಗೆ ಹೋಗುತ್ತದೆ, ನಕ್ಷೆಗೆ ಹೋಗುತ್ತದೆ. ನಿಮ್ಮನ್ನು ಎಂದೂ ನೋಡದವರು, ನೀವು ನಿವೃತ್ತರಾದ ಎಷ್ಟೋ ವರ್ಷದ ಮೇಲೆ, ಅದನ್ನು ನಂಬಿ ಅದಿರು ಹುಡುಕುತ್ತಾರೆ. ಅವರು ಬಂದು ನಿಮ್ಮನ್ನು ಪ್ರಶ್ನೆ ಕೇಳುವುದಿಲ್ಲ. ಅದಕ್ಕೇ ಪ್ರಶ್ನೆಗಳನ್ನೆಲ್ಲ ನೀವೇ ಮೊದಲು ಕೇಳಿಕೊಂಡಿರಬೇಕು. ವಯಸ್ಸಿಗಿಂತ ಅದರ ಮುಂದಿನ ಪ್ಲಸ್ ಆರ್ ಮೈನಸ್, ಅಂದರೆ ಎಷ್ಟು ಹೆಚ್ಚುಕಮ್ಮಿ ಇರಬಹುದು ಅನ್ನುವ ಅಂಕಿ, ಬರೆಯುವಾಗ ನಾನು ಜಾಸ್ತಿ ಹೊತ್ತು ಕೂರುತ್ತೇನೆ. ಅಲ್ಲಿ ಸುಳ್ಳು ಹೇಳುವುದು ಬಹಳ ಸುಲಭ, ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ನೆಲದ್ದೇ ಉದಾಹರಣೆ ಕೊಡ್ತೀನಿ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ ನೋಡಿರಬಹುದು, ಕಂಬ ಕಂಬವಾಗಿ ನಿಂತ ಲಾವಾ ಕಲ್ಲುಗಳು. ನೋಡಿದವರು ಸಹಜವಾಗಿ ಇದು ಡೆಕ್ಕನ್ ಟ್ರ್ಯಾಪಿನ, ಅಂದರೆ ಮಹಾರಾಷ್ಟ್ರದ ಕಡೆಯ ದೊಡ್ಡ ಲಾವಾ ಪದರಗಳ, ತುಂಡು ಅಂದುಕೊಳ್ಳುತ್ತಾರೆ. ಡೆಕ್ಕನ್ ಟ್ರ್ಯಾಪ್ ವಯಸ್ಸು ಸುಮಾರು 6.6 ಕೋಟಿ ವರ್ಷ. ದ್ವೀಪದ ಕಲ್ಲು ಅಳೆದಾಗ ಅದಕ್ಕಿಂತ ಎಷ್ಟೋ ಹಳೆಯದು ಅಂತ ಗೊತ್ತಾಯಿತು. ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದ ಜ್ವಾಲಾಮುಖಿ ಅದು. ಆದರೆ ನಿಖರವಾಗಿ ಎಷ್ಟು? ಯುರೇನಿಯಂ–ಸೀಸ ವಿಧಾನ 9.1 ಕೋಟಿ ಅಂದಿತು, ಆರ್ಗಾನ್ ವಿಧಾನ 8.6 ಕೋಟಿಯ ಹತ್ತಿರ ನಿಂತಿತು. ಎರಡೂ ಒಳ್ಳೆಯ ಲ್ಯಾಬಿನ ಕೆಲಸ. ಕಲ್ಲಿನ ಪೊಟ್ಯಾಸಿಯಂನಿಂದ ಹುಟ್ಟುವ ಆರ್ಗಾನ್ ಒಂದು ಅನಿಲ. ಕಲ್ಲು ನೀರಿಗೆ, ಬಿಸಿಗೆ ಸಿಕ್ಕಿ ಹದಗೆಟ್ಟರೆ ಅದು ಸೋರಿ ಹೋಗಬಹುದು, ಆಗ ವಯಸ್ಸು ಕಡಿಮೆ ಕಾಣುತ್ತದೆ. ಜಿರ್ಕಾನ್ ಗಟ್ಟಿ ಹರಳು, ಆದರೆ ಅದರಲ್ಲೂ ಹಳೆಯ ಕಲ್ಲಿನಿಂದ ಬಂದು ಸೇರಿದ ಹರಳು ಇರಬಹುದು, ಆಗ ವಯಸ್ಸು ಜಾಸ್ತಿ ಕಾಣುತ್ತದೆ. ಎರಡು ಅಂಕಿ ಕೈಯಲ್ಲಿ ಹಿಡಿದು ಯಾವುದನ್ನು ಎಷ್ಟು ನಂಬಬೇಕು ಅಂತ ಯೋಚಿಸುವುದೇ ಐಸೊಟೋಪ್ ವಿಜ್ಞಾನಿಯ ಕೆಲಸ. ಬಟನ್ ಒತ್ತುವುದನ್ನು ಯಾರಾದರೂ ಕಲಿಯಬಹುದು.

ಒಳ್ಳೆಯ ಅಳತೆ ಎಷ್ಟು ಕಾಲ ನಿಲ್ಲುತ್ತದೆ ಅನ್ನುವುದಕ್ಕೆ ಹಾಸನದ ಗೊರೂರು ನೈಸ್ ನೋಡಿ. ನೈಸ್ ಅಂದರೆ ಬಿಸಿ, ಒತ್ತಡಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾದ ಕಲ್ಲು. 1980ರಲ್ಲಿ, ಪುಡಿಯನ್ನು ಆಸಿಡ್ಡಿನಲ್ಲಿ ಕರಗಿಸುವ ಹಳೆಯ ವಿಧಾನದಲ್ಲೇ 330 ಕೋಟಿ ವರ್ಷ ಅಂತ ಬಂದ ಅಂಕಿ ಅದು. ಆಮೇಲೆ ಜಿರ್ಕಾನ್ ಬಂತು, ಲೇಸರ್ ಬಂತು, ವಿವರ ಎಷ್ಟೋ ಸೇರಿತು. ಆ ಕಲ್ಲು 300 ಕೋಟಿಗಿಂತ ಹಳೆಯದು ಅನ್ನುವುದು ಮಾತ್ರ ಕದಲಲಿಲ್ಲ.

ಹಾಗೆಯೇ ಸ್ಯಾಂಪಲ್ ಬೇಡ ಅನ್ನುವ ಧೈರ್ಯವೂ ಬೇಕು. ಕೊಳೆತ ಕಲ್ಲು, ಲೊಕೇಶನ್ ಸರಿಯಾಗಿ ಬರೆಯದ ಚೀಲ, ‘ಹೇಗಾದ್ರೂ ಒಂದು ಏಜ್ ಕೊಡಿ, ವರದಿ ಕೊಡ್ಬೇಕು’ ಅನ್ನುವ ಫೋನು, ಎಲ್ಲ ಬರುತ್ತವೆ. ಕೊಡಬಾರದು. ಸಾಧ್ಯವಾದಾಗಲೆಲ್ಲ ಆ ಬಂಡೆಯ ಹತ್ತಿರ ನೀವೇ ಹೋಗಿ. ರಾಮನಗರದ ಕ್ಲೋಸ್‌ಪೇಟ್ ಗ್ರಾನೈಟ್ ಸುಮಾರು 250 ಕೋಟಿ ವರ್ಷದ್ದು. ಅದರ ಒಳಗೇ ಹಳೆಯ ನೈಸ್ ತುಂಡುಗಳು ಸಿಕ್ಕಿಕೊಂಡಿರುವುದನ್ನು ಕಣ್ಣಾರೆ ನೋಡಿದವರು, ಹಳೆಯ ಜಿರ್ಕಾನ್ ಎಲ್ಲಿಂದ ಬಂತು ಅಂತ ಗಾಬರಿಯಾಗುವುದಿಲ್ಲ.

ಇನ್ನು ಕಷ್ಟದ ಮಾತು. ಮೆಷಿನ್ ಕೋಟಿಗಟ್ಟಲೆ ಬೆಲೆಯದ್ದು, ಹೊರದೇಶದ್ದು. ರೆಸಿನ್, ತಂತಿ, ಸ್ಟ್ಯಾಂಡರ್ಡ್ ಬಹುತೇಕ ಅಲ್ಲಿಂದಲೇ ಬರಬೇಕು. ಎಲ್ಲಕ್ಕೂ ಇಂಡೆಂಟ್, ಟೆಂಡರ್, ಎಲ್-1 (ಅತಿ ಕಡಿಮೆ ಬೆಲೆ) ಹೋಲಿಕೆ, ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ನವೀಕರಣ, ಮಾರ್ಚ್ ಒಳಗೆ ಬಿಲ್ಲು. ನಿಮ್ಮ ಸಮಯದ ಒಳ್ಳೆಯ ಪಾಲು ಫೈಲಿಗೆ ಹೋಗುತ್ತದೆ. ಇದನ್ನು ಬೇಸರ ಮಾಡಿಕೊಳ್ಳದೆ ಕಲಿಯಿರಿ, ಯಾಕಂದರೆ ಟೆಂಡರಿನ ತಾಂತ್ರಿಕ ವಿವರ ವಿಜ್ಞಾನಿ ಸರಿಯಾಗಿ ಬರೆಯದಿದ್ದರೆ ಅಗ್ಗದ, ಕೆಲಸಕ್ಕೆ ಬಾರದ ವಸ್ತು ಬಂದು ಕೂರುತ್ತದೆ, ಆಮೇಲೆ ಯಾರನ್ನೂ ಬೈದು ಪ್ರಯೋಜನ ಇಲ್ಲ. ಕರೆಂಟ್ ಇನ್ನೊಂದು ಚಿಂತೆ. ನಿರ್ವಾತದ ಪಂಪು, ಎಸಿ ಹಗಲುರಾತ್ರಿ ಓಡಬೇಕು, ಯುಪಿಎಸ್ ಕೈಕೊಟ್ಟರೆ ರಜಾದಿನವಾದರೂ ಹೋಗಬೇಕು. ವರ್ಗಾವಣೆಯೂ ಇದೆ. ಕ್ಲೀನ್ ಲ್ಯಾಬ್, ಅಂದರೆ ಧೂಳು ಸೋಸಿದ ಗಾಳಿಯ ಕೋಣೆಯ, ಕೆಲಸಕ್ಕೆ ಕೈ ಪಳಗಲು ವರ್ಷಗಳು ಬೇಕು. ಪಳಗಿದ ಮೇಲೆ ಆ ವ್ಯಕ್ತಿಯನ್ನು ಬೇರೆ ಊರಿನ ಬೇರೆ ಕೆಲಸಕ್ಕೆ ಕಳಿಸುವುದು ದೇಶಕ್ಕೇ ನಷ್ಟ ಅಂತ ನನ್ನ ಗಟ್ಟಿ ಅಭಿಪ್ರಾಯ.

ಅಮ್ಮನ ಭಯಕ್ಕೆ ಬರ್ತೀನಿ. ಹೈಡ್ರೋಫ್ಲೋರಿಕ್ ಆಸಿಡ್ ಬಗ್ಗೆ ಅವರ ಭಯ ಸರಿಯಾಗಿದೆ. ಅದು ಬಿದ್ದಾಗ ಕೆಲವೊಮ್ಮೆ ಉರಿ ತಕ್ಷಣ ಗೊತ್ತಾಗುವುದಿಲ್ಲ, ಚರ್ಮದೊಳಗೆ ಇಳಿದು ದೇಹದ ಕ್ಯಾಲ್ಸಿಯಂ ಹಿಡಿಯುತ್ತದೆ, ಜೀವಕ್ಕೂ ಅಪಾಯ. ಆದರೆ ನಿಯಮ ಪಾಲಿಸುವ ಲ್ಯಾಬಿನಲ್ಲಿ ಜನ ವೃತ್ತಿಪೂರ್ತಿ ಅದರ ಜೊತೆ ಸುರಕ್ಷಿತವಾಗಿ ಕೆಲಸ ಮಾಡುತ್ತಾರೆ. ಫ್ಯೂಮ್ ಹುಡ್ ಒಳಗೆ ಮಾತ್ರ, ಸರಿಯಾದ ಗ್ಲೌಸ್, ಏಪ್ರನ್, ಮುಖಕ್ಕೆ ಶೀಲ್ಡ್. ಒಬ್ಬರೇ ಇರುವಾಗ ಎಂದೂ ಇಲ್ಲ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವ ಜಾಗದಲ್ಲಿ, ಎಕ್ಸ್‌ಪೈರಿ ದಿನಾಂಕ ನೋಡಿ ಇಟ್ಟಿರಬೇಕು. ಒಂದು ಹನಿ ಬಿದ್ದ ಅನುಮಾನ ಬಂದರೂ ತಕ್ಷಣ ನೀರಿನಲ್ಲಿ ತೊಳೆದು, ಜೆಲ್ ಹಚ್ಚಿ, ಆಸ್ಪತ್ರೆಗೆ ಹೋಗಬೇಕು. ಯಾವುದೇ ಲ್ಯಾಬಿಗೆ ಹೋದಾಗ ಜೆಲ್ ಎಲ್ಲಿದೆ ಅಂತ ಕೇಳಿ. ತಡಕಾಡಿದರೆ ಅಲ್ಲಿ ಆಸಿಡ್ ಮುಟ್ಟಬೇಡಿ, ಹಿರಿಯರು ಏನೇ ಅಂದರೂ.

ಹೆಣ್ಣುಮಕ್ಕಳಿಗೆ ಆಗುತ್ತಾ ಅಂದಿರಿ. ಆಗುತ್ತದೆ. ನಾನು ಕಂಡ ಅತ್ಯಂತ ಶುದ್ಧ ಬ್ಲ್ಯಾಂಕ್ ಒಬ್ಬ ಮಹಿಳಾ ಸಹೋದ್ಯೋಗಿಯದು. ಕ್ಲೀನ್ ಲ್ಯಾಬಿನೊಳಗೆ ಕುಂಕುಮ, ಕಾಡಿಗೆ, ಪೌಡರ್, ಬಳೆ, ಉಂಗುರ ಯಾವುದೂ ಇಲ್ಲ. ಗಂಡಸರಿಗೂ ಅದೇ ನಿಯಮ, ವಿಭೂತಿ, ಗಂಧ ಕೂಡ ಹೊರಗೇ. ಮುಂದೆ ಗರ್ಭಿಣಿಯಾದಾಗ ಆಸಿಡ್, ಭಾರದ್ರವದ ಕೆಲಸ ಬಿಟ್ಟು ಡೇಟಾ ಕೆಲಸ ಕೊಡಿ ಅಂತ ಕೇಳಲು ಹಿಂಜರಿಯಬೇಡಿ. ನಿಜವಾದ ತೊಂದರೆ ಫೀಲ್ಡ್ ಕ್ಯಾಂಪಿನ ಶೌಚಾಲಯ, ವಸತಿ, ಒಬ್ಬರೇ ದೂರ ಹೋಗುವುದು. ಇವು ಇಂದಿಗೂ ಪೂರ್ತಿ ಬಗೆಹರಿದಿಲ್ಲ.

ಸೇರುವ ದಾರಿ ಎರಡು. ಜಿ.ಎಸ್.ಐ. ಅಂದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಯು.ಪಿ.ಎಸ್.ಸಿ.ಯ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆ. ಎಂ.ಎಸ್ಸಿ. ಸಾಕು, ಪಿಎಚ್.ಡಿ. ಬೇಡ. ಮೇನ್ಸ್ 600 ಅಂಕ, ಸಂದರ್ಶನ 200. ಏಳನೇ ವೇತನ ಆಯೋಗದ ಪ್ರಕಾರ ಆರಂಭದ ಮೂಲವೇತನ 56,100 ರೂಪಾಯಿ. ರಸಾಯನಶಾಸ್ತ್ರ ಓದಿದ ಗೆಳತಿಯರಿದ್ದರೆ ಅದೇ ಪರೀಕ್ಷೆಯಲ್ಲಿ ಕೆಮಿಸ್ಟ್ ಹುದ್ದೆಯೂ ಇದೆ ಅಂತ ಹೇಳಿ. ಜಿಯಾಲಜಿಸ್ಟ್ ಆಗಿ ಸೇರಿದರೆ ಹೈದರಾಬಾದಿನ ತರಬೇತಿ, ಜೊತೆಗೆ ಫೀಲ್ಡ್ ತರಬೇತಿ ಇರುತ್ತದೆ, ಅದರ ಒಂದು ಕೇಂದ್ರ ನಮ್ಮ ಚಿತ್ರದುರ್ಗದಲ್ಲೇ ಇದೆ. ಆದರೆ ಸೇರಿದ ಕೂಡಲೇ ಐಸೊಟೋಪ್ ಲ್ಯಾಬ್ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಮೊದಲು ಮ್ಯಾಪಿಂಗ್ ಮಾಡಿಸುತ್ತಾರೆ, ಅದು ಒಳ್ಳೆಯದೇ.

ಇನ್ನೊಂದು ದಾರಿ ಸಂಶೋಧನಾ ಸಂಸ್ಥೆಗಳು: ಅಹಮದಾಬಾದಿನ ಪಿ.ಆರ್.ಎಲ್. (ಭೌತ ಸಂಶೋಧನಾ ಪ್ರಯೋಗಾಲಯ), ಹೈದರಾಬಾದಿನ ಎನ್.ಜಿ.ಆರ್.ಐ. (ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ), ತಿರುವನಂತಪುರದ ಎನ್.ಸಿ.ಇ.ಎಸ್.ಎಸ್. (ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರ). ಇಲ್ಲಿ ವಿಜ್ಞಾನಿಯಾಗಲು ಪಿಎಚ್.ಡಿ. ಬೇಕೇ ಬೇಕು ಅಂದುಕೊಳ್ಳಿ. ನೆಟ್ ಅಥವಾ ಗೇಟ್ ಬರೆದು ಫೆಲೋ ಆಗಿ ಸೇರಬೇಕು. ಸಿ.ಎಸ್.ಐ.ಆರ್.ನ ಕಿರಿಯ ಫೆಲೋಶಿಪ್ (ಜೆ.ಆರ್.ಎಫ್.) 2023ರಿಂದ ತಿಂಗಳಿಗೆ 37,000 ರೂಪಾಯಿ. ಸ್ವಂತ ಪ್ರಶ್ನೆ ಹಿಡಿದು ಹೊರಡುವ ಸ್ವಭಾವ ನಿಮ್ಮದಾದರೆ ಇದೇ ದಾರಿ. ನಾಲ್ಕು ಜನಕ್ಕೆ ಉಪಯೋಗವಾಗುವ ಅಂಕಿ ಕೊಟ್ಟೆ ಅನ್ನುವುದರಲ್ಲೇ ತೃಪ್ತಿ ಸಿಗುವುದಾದರೆ ಜಿ.ಎಸ್.ಐ. ನನ್ನನ್ನು ಕೇಳಿದರೆ, ಎಂ.ಎಸ್ಸಿ. ಮುಗಿಯುವಾಗ ಎರಡೂ ಪರೀಕ್ಷೆ ಬರೆಯಿರಿ, ಸಿಲೆಬಸ್ ಬಹುಪಾಲು ಒಂದೇ.

ಕಲ್ಲಿನ ವಯಸ್ಸೇ ಎಲ್ಲ ಅಲ್ಲ ಅನ್ನುವುದನ್ನೂ ಸೇರಿಸ್ತೀನಿ. ನೀರಿನ ಐಸೊಟೋಪ್ ಕೆಲಸ ನಮ್ಮ ರಾಜ್ಯಕ್ಕೆ ಇನ್ನೂ ಹತ್ತಿರದ್ದು. ಟ್ರಿಟಿಯಂ ಅಂದರೆ ಮಳೆನೀರಿನಲ್ಲಿ ಅತಿ ಸ್ವಲ್ಪ ಇರುವ ವಿಕಿರಣಶೀಲ ಹೈಡ್ರೋಜನ್. ಅದರ ಅರ್ಧಾಯುಷ್ಯ 12.3 ವರ್ಷ, ಅಂದರೆ ಅಷ್ಟು ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಬೋರ್‌ವೆಲ್ ನೀರಿನಲ್ಲಿ ಟ್ರಿಟಿಯಂ ಇದ್ದರೆ ಇತ್ತೀಚಿನ ದಶಕಗಳ ಮಳೆ ಅಲ್ಲಿಗೆ ಇಳಿದಿದೆ ಅಂತ ಅರ್ಥ, ಇಲ್ಲವೇ ಇಲ್ಲ ಅಂದರೆ ಹಳೆಯ ನೀರನ್ನು ಖಾಲಿ ಮಾಡುತ್ತಿದ್ದೇವೆ. ಸಾವಿರ ಅಡಿ ಕೊರೆಯುವ ಕೋಲಾರದ ರೈತನಿಗೆ ಇದಕ್ಕಿಂತ ಬೇಕಾದ ಸುದ್ದಿ ಯಾವುದಿದೆ? ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆ, ಮುಂಬೈನ ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ಈ ಕೆಲಸ ಮಾಡುತ್ತವೆ. ಕೇಂದ್ರ ಅಂತರ್ಜಲ ಮಂಡಳಿಯ ಹೈಡ್ರೋಜಿಯಾಲಜಿಸ್ಟ್ ಹುದ್ದೆಗೂ ಮೇಲೆ ಹೇಳಿದ ಅದೇ ಯು.ಪಿ.ಎಸ್.ಸಿ. ಪರೀಕ್ಷೆ.

ಈಗಲೇ ಮಾಡಬೇಕಾದ್ದು ಒಂದಿದೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇತರ ಎರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆಯ ಸಂಶೋಧನಾ ಫೆಲೋಶಿಪ್ ನಡೆಸುತ್ತದೆ. ಅರ್ಜಿ ಕರೆಯುವುದು ಬೇಸಿಗೆಗೆ ಎಷ್ಟೋ ತಿಂಗಳು ಮೊದಲೇ, ಹಾಗಾಗಿ ಈಗಿನಿಂದಲೇ ಅವರ ವೆಬ್‌ಸೈಟ್ ನೋಡುತ್ತಾ ಇರಿ. ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಲ್ಯಾಬಿನ ವಿಜ್ಞಾನಿಯನ್ನು ಆರಿಸಿಕೊಳ್ಳಿ. ಸಿಕ್ಕರೆ ಮೆಷಿನ್ ಮುಂದೆ ಕೂರಲು ಆತುರಪಡಬೇಡಿ, ಮೊದಲ ವಾರ ಬೀಕರ್ ತೊಳೆಯುವ ಕೆಲಸ ಕೊಡಿ ಅಂತ ನೀವೇ ಕೇಳಿ. ಜೊತೆಗೆ ಹಿಂದಿನ ವರ್ಷಗಳ ಬ್ಲ್ಯಾಂಕ್ ರಿಜಿಸ್ಟರ್ ತೋರಿಸಲು ಹೇಳಿ. ಅಂಕಿ ಯಾವಾಗ ಏರಿತು, ಯಾರು ಹೇಗೆ ಕಾರಣ ಹುಡುಕಿದರು, ಹೇಗೆ ಇಳಿಯಿತು, ಎಲ್ಲ ಅದರಲ್ಲಿರುತ್ತದೆ. ಅದನ್ನು ಓದುವಾಗ ನಿಮಗೆ ಕುತೂಹಲ ಹೆಚ್ಚುತ್ತಾ ಹೋದರೆ ಧೈರ್ಯವಾಗಿ ಈ ಕಡೆ ಬನ್ನಿ. ಬೇಸರ ಬಂದರೆ ಜಿಯಾಲಜಿಯಲ್ಲಿ ಬೇರೆ ಒಳ್ಳೆಯ ಕೆಲಸ ಬೇಕಾದಷ್ಟಿದೆ, ಒಂದು ಬೇಸಿಗೆಯಲ್ಲೇ ಗೊತ್ತಾದದ್ದು ಒಳ್ಳೆಯದಾಯಿತು ಅಂದುಕೊಳ್ಳಿ.